ಶ್ವೇತನಿರ್ಣಯ: ಕುಂಬಳೆ ಸೀಮೆಯ ಛಾಯಾಗ್ರಾಹಕರಿಗೊಂದು ಶಾಸ್ತ್ರ

ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳದೆ ಯಾವ ಶಾಸ್ತ್ರಗ್ರಂಥವೂ ಮುಂದುವರಿಯಬಾರದೆಂದು ಹಿರಿಯರ ಕಟ್ಟಳೆ. ಕೈಯಲ್ಲಿ ಡಿಜಿಟಲ್ ಕ್ಯಾಮರಾ ಇದ್ದೂ ನೆಂಟರಿಂದ ಬೈಸಿಕೊಂಡವನೇ ಈ ಗ್ರಂಥಕ್ಕೆ ಅಧಿಕಾರಿ. ವಿಷಯ ವೈಟ್ ಬ್ಯಾಲೆನ್ಸ್. ಆಲ್ಬಮ್ ಬಿಡಿಸಿದವರು “ಇದೆಂತ ಭಾವ, ಮದಿಮ್ಮಾಳಿಂಗೆ ಕಾಮಾಲೆಯೋ?” ಎಂದು ಕೇಳದಂತೆ ಮಾಡುವುದು ಪ್ರಯೋಜನ. ಸಂಬಂಧದ ಮಾತನ್ನು, ಆ ಪ್ರಶ್ನೆಯ ಬಳಿಕವೂ ಅದು ಉಳಿದಿದ್ದರೆ ನೋಡೋಣ.

ಕಾಮಾಲೆಯ ಚರ್ಚೆ ನಮ್ಮಲ್ಲಿ ಹೊಸದಲ್ಲ. ದರ್ಶನಕಾರರು ಭ್ರಮೆಗೆ ಕೊಡುತ್ತಿದ್ದ ಹಳೆಯ ಉದಾಹರಣೆಯೇ ಹಳದಿ ಶಂಖ. ಪಿತ್ತ ಏರಿದವನ ಕಣ್ಣಿನ ಕಿರಣದ ಜತೆ ಪಿತ್ತದ ಹಳದಿಯೂ ಹೊರಟು ಶಂಖದ ಬಿಳುಪನ್ನು ಮುಚ್ಚಿಬಿಡುತ್ತದೆಂದು ರಾಮಾನುಜರು ಶ್ರೀಭಾಷ್ಯದಲ್ಲಿ ಸಮಾಧಾನ ಹೇಳಿದ್ದಾರೆ. ಕ್ಯಾಮರಾದ ಕಷ್ಟ ಇದಕ್ಕೆ ತಿರುಗುಮುರುಗು. ಪಿತ್ತವಿರುವುದು ಬೆಳಕಿಗೆ, ಪಾಪದ ಕ್ಯಾಮರಾ ಕಂಡದ್ದನ್ನು ಕಂಡಂತೆ ಹೇಳುತ್ತದೆ, ಬೈಗುಳ ತಿನ್ನುತ್ತದೆ. ಮನುಷ್ಯನ ಕಣ್ಣು ಹಾಗಲ್ಲ, ಬೆಳಕಿನ ಬಣ್ಣವನ್ನು ಗುಟ್ಟಾಗಿ ಕಳೆದೇ ನೋಡುತ್ತದೆ. ಹಳದಿ ಬಲ್ಬಿನ ಕೆಳಗೂ ಬಾಳೆಲೆಯ ಅನ್ನ ಬೆಳ್ಳಗೇ ಇರುತ್ತದೆ. ಕಣ್ಣಿನ ಮೂರು ಬಗೆಯ ಗ್ರಾಹಕಗಳು ತಮ್ಮ ತಮ್ಮ ಸೂಕ್ಷ್ಮತೆಯನ್ನು ಬೇರೆಬೇರೆಯಾಗಿ ಹೊಂದಿಸಿಕೊಳ್ಳುತ್ತವೆಂದು ಜರ್ಮನಿಯ ಫಾನ್ ಕ್ರೀಸ್ 1902ರಲ್ಲಿ ಹೇಳಿದ. ಕ್ಯಾಮರಾವೂ ಕೆಂಪು, ಹಸಿರು, ನೀಲಿಗಳನ್ನು ಬೇರೆಬೇರೆ ಅಂಕೆಯಿಂದ ಗುಣಿಸಿ ಅದೇ ಕೆಲಸ ಮಾಡಬಲ್ಲದು. ಬಿಳಿ ಯಾವುದೆಂದು ಯಾರಾದರೂ ತೋರಿಸಿಕೊಡಬೇಕು, ಅಷ್ಟೆ.

ಬೆಳಕಿನ ಬಣ್ಣವನ್ನು ಅಳೆಯುವ ಮಾನ ಕೆಲ್ವಿನ್. ಮೇಣದಬತ್ತಿಗೆ ಸುಮಾರು 1900, ಹಳೆಯ ಬಲ್ಬಿಗೆ 2700ರ ಆಸುಪಾಸು, ಮಧ್ಯಾಹ್ನದ ಬಿಸಿಲಿಗೆ 5500, ನೆರಳಿಗೆ 7000ವೋ ಅದಕ್ಕೂ ಮೇಲೋ. ಇಲ್ಲಿ ಮಹಾಸಂಕಟವೊಂದಿದೆ. ಕೆಲ್ವಿನ್ ಏರಿದಷ್ಟೂ ಬಣ್ಣವನ್ನು ತಂಪು ಎನ್ನುತ್ತಾರೆ. ಸಾಲದ್ದಕ್ಕೆ, ಕ್ಯಾಮರಾದಲ್ಲಿ 7000 ಇಟ್ಟರೆ ಚಿತ್ರ ನೀಲಿಯಾಗುವ ಬದಲು ಹಳದಿಯಾಗುತ್ತದೆ. ಬೆಳಕು ನೀಲಿಯಿದೆಯೆಂದು ನಂಬಿ ಅದು ಹಳದಿ ಸುರಿಯುತ್ತದೆ. ಇವನ್ನೆಲ್ಲ ಸಮನ್ವಯಗೊಳಿಸಲು ಹೊರಟವರಿಗೆ ಅಷ್ಟರಲ್ಲಿ ಹೊತ್ತು ಮುಳುಗುತ್ತದೆ. ನಾವು ಮುಂದೆ ಹೋಗುತ್ತೇವೆ.

ಬಿಳಿ ಯಾವುದೆಂಬ ಪ್ರಶ್ನೆಯ ಪೂರ್ವಪಕ್ಷಿಗಳಲ್ಲಿ ಮೊದಲಿಗರು, ಅದನ್ನು ಕ್ಯಾಮರಾಕ್ಕೇ ಬಿಡುವ ಆಟೋವಾದಿಗಳು. ಜಗತ್ತಿನ ಬಣ್ಣಗಳನ್ನೆಲ್ಲ ಕಲಸಿದರೆ ಬೂದು ಬರುತ್ತದೆಂಬುದು ಇವರ ಮೂಲಶ್ರದ್ಧೆ. ಈ ಶ್ರದ್ಧೆ ಬೇಕಲ ಕೋಟೆಯ ಬುಡದಲ್ಲಿ ಕುಸಿಯುತ್ತದೆ. ಮುರಕಲ್ಲಿನ ಗೋಡೆಯೊಂದೇ ಚೌಕಟ್ಟು ತುಂಬಿದಾಗ, ಬೆಳಕೇ ಕೆಂಪಿರಬೇಕೆಂದು ಬಗೆದ ಆಟೋ ನೀಲಿ ಬೆರೆಸಿ, 17ನೇ ಶತಮಾನದ ಕೆಳದಿ ನಾಯಕರ ಕೋಟೆಯನ್ನು ಪಂಚಾಯತಿನ ಸಿಮೆಂಟು ಕಾಮಗಾರಿ ಮಾಡಿಬಿಡುತ್ತದೆ. ಅಡಕೆ ತೋಟಕ್ಕೆ ಹೊಕ್ಕರೆ ಹಸಿರಿಗೆ ಹೆದರಿ ಗುಲಾಬಿ ಸುರಿಯುತ್ತದೆ. ಮದ್ದು ಬಿಡಲು ಮರ ಹತ್ತಿದವನಿಗೆ ಮದುಮಗನ ಕಳೆ.

ಎರಡನೆಯವರು ಮುಂಡುವಾದಿಗಳು. ಇವರು ಪ್ರಬಲರು, ಸಂಖ್ಯೆಯಲ್ಲೂ ಇಸ್ತ್ರಿಯಲ್ಲೂ. “ಬಿಳಿಗೆ ಪ್ರಮಾಣ ಬೇಕೆಂದರೆ ಚಪ್ಪರದ ತುಂಬ ನಿಂತಿದೆಯಲ್ಲ, ಕಣ್ಣಿಲ್ಲವೆ?” ಎಂಬುದು ಇವರ ವಾದ. ಖಂಡನೆ ಹೀಗೆ. ಒಗೆದ ಬಿಳಿ ಬಟ್ಟೆ ಕಾಲಕ್ರಮದಲ್ಲಿ ಹಳದಿಗೆ ತಿರುಗುವುದು ಅದರ ಸ್ವಭಾವ. ಅದನ್ನು ಮರೆಮಾಚಲು ನೀಲಿ ಹಿಂಡಿದ ನೀರಿನಲ್ಲಿ ಜಾಲಾಡಿಸುವುದು ಮನೆಗಳ ಆಚಾರ. 1983ರಲ್ಲಿ ತ್ರಿಶೂರು ಜಿಲ್ಲೆಯಲ್ಲಿ ಆರಂಭವಾದ ಕಂಪೆನಿಯೊಂದು ಉಜಾಲಾ ಎಂಬ ಹೆಸರಿನಲ್ಲಿ ಈ ಆಚಾರವನ್ನು ಬಾಟಲಿಯಲ್ಲಿ ತುಂಬಿ ದೇಶಕ್ಕೆಲ್ಲ ಹಂಚಿತು. ಅದರ ಮೇಲೆ ಸೋಪಿನ ಪುಡಿಯಲ್ಲಿ ಹೊಳಪು ರಾಸಾಯನಿಕ ಬೇರೆ. ಅದು ಬಿಸಿಲಿನ ಅತಿನೇರಳೆ ಕಿರಣವನ್ನು ನುಂಗಿ ನೀಲಿಯನ್ನು ಉಗುಳುತ್ತದೆ. ಹೀಗಾಗಿ ನಾವು ಬಿಳಿಯೆಂದು ನಮಸ್ಕರಿಸುವ ಮುಂಡು ತತ್ತ್ವತಃ ತಿಳಿನೀಲಿ. ಅದನ್ನೇ ಬಿಳಿಯೆಂದು ಕ್ಯಾಮರಾಕ್ಕೆ ಹೇಳಿಕೊಟ್ಟರೆ ಅದು ಎಲ್ಲರಿಂದಲೂ ಅಷ್ಟು ನೀಲಿಯನ್ನು ಕಿತ್ತುಕೊಳ್ಳುತ್ತದೆ; ಮದುಮಗಳು ಅರಸಿನ ಶಾಸ್ತ್ರ ಮುಗಿದ ಮೇಲೂ ಅರಸಿನವಾಗಿಯೇ ಉಳಿಯುತ್ತಾಳೆ.

ಮುಂಡುಗಳಲ್ಲೂ ತಾರತಮ್ಯವಿದೆ. ಮದುಮಗನ ಅಪ್ಪನದ್ದು ನೀಲಪಕ್ಷ. ತೆಂಕಣ ನೆಂಟರ ಕಸವು ಮುಂಡು ಹಾಲುಕೆನೆಯ ಬಣ್ಣದ್ದಾದ್ದರಿಂದ ಪೀತಪಕ್ಷ. ಅದನ್ನು ನಂಬಿದರೆ ಮದುಮಗಳು ನೀಲಿಗಟ್ಟುತ್ತಾಳೆ. ಪ್ರಚಾರಕ್ಕೆ ಬಂದು ಉಂಡು ಹೋಗುವ ಪುಢಾರಿಯ ಮುಂಡನ್ನು ಯಾವ ಪಕ್ಷದಲ್ಲಿ ಸೇರಿಸಬೇಕೆಂಬುದು ಚುನಾವಣೆಯ ಮೇಲೆ ಹೋಗುತ್ತದೆ. ಕಾಗದವಾದಿಗಳು, ಎಂದರೆ ಮದುವೆ ಕಾಗದದ ಹಿಂಬದಿ ತೋರಿಸುವವರು, ಮುಂಡುವಾದಿಗಳ ದಾಯಾದಿಗಳು. ಕಾಗದದಲ್ಲೂ ಅದೇ ಹೊಳಪು ರಾಸಾಯನಿಕ. ಬಲ್ಬಿನ ಕೆಳಗೆ ಸಜ್ಜನ, ಬಿಸಿಲಿಗೆ ಬಂದರೆ ನೀಲಿ.

ಹಾಗಾದರೆ ಬಿಳಿ ಎಲ್ಲಿದೆ? ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನಲ್ಲಿ ನಿಂತು ಈ ಪ್ರಶ್ನೆ ಕೇಳುವುದೇ ನಾಚಿಕೆ. ತೆಂಕುತಿಟ್ಟಿನ ಬಣ್ಣದ ವೇಷದ ಮುಖಕ್ಕೆ ಅಕ್ಕಿ, ಸುಣ್ಣ ಅರೆದು ಸಾಲಾಗಿ ಇಡುವ ಚುಟ್ಟಿ ಇದೆಯಲ್ಲ! ಅದು ನೀಲಿ ಕಂಡದ್ದಿಲ್ಲ, ಸೋಪಿನ ಪುಡಿ ಕಂಡದ್ದಿಲ್ಲ. ಆದರೆ ಚುಟ್ಟಿವಾದಕ್ಕೂ ದೋಷಗಳುಂಟು. ಬಿಳಿ ತೋರಿಸುವಾಗ ಚೌಕಟ್ಟಿನ ನಡುಭಾಗ ಪೂರ್ತಿ ಬಿಳಿಯಿಂದಲೇ ತುಂಬಬೇಕು. ಚುಟ್ಟಿಯ ಸುತ್ತ ಕೆಂಪು, ಕಪ್ಪು. ರಂಗಸ್ಥಳದಲ್ಲಂತೂ ಅದರ ಹಿಂದೆ ರಾವಣನೇ ಇರುತ್ತಾನೆ, ನಿಂತಲ್ಲಿ ನಿಲ್ಲುವವನಲ್ಲ. ಚೌಕಿಯಲ್ಲಿ ಕುಳಿತಾಗಲೇ ಹಿಡಿಯೋಣವೆಂದರೆ ಚೌಕಿಯ ಬೆಳಕೇ ಬೇರೆ, ರಂಗದ ಬೆಳಕೇ ಬೇರೆ. ಒಂದು ಬೆಳಕಿನಲ್ಲಿ ಗೊತ್ತುಮಾಡಿದ ಬಿಳಿ ಇನ್ನೊಂದು ಬೆಳಕಿನಲ್ಲಿ ನಡೆಯುವುದಿಲ್ಲ.

ಆದ್ದರಿಂದ ಸಿದ್ಧಾಂತ: ನಲ್ಲಿ ಸೋರದಂತೆ ಸುತ್ತುವ ಬಿಳಿ ಟೇಪು. ನಗಬಾರದು. ಅದು ಟೆಫ್ಲಾನ್. ಕಣ್ಣಿಗೆ ಕಾಣುವ ಬಣ್ಣಗಳನ್ನೆಲ್ಲ ಹೆಚ್ಚುಕಡಿಮೆ ಸಮನಾಗಿ ಹಿಂದಕ್ಕೆ ಕಳಿಸುವ ಗುಣ ಇರುವುದರಿಂದಲೇ ಪ್ರಯೋಗಾಲಯಗಳಲ್ಲಿ ಪ್ರತಿಫಲನ ಅಳೆಯುವ ಬಿಳಿ ಫಲಕಗಳನ್ನು ಇದೇ ವಸ್ತುವಿನಿಂದ ಮಾಡುತ್ತಾರೆ. ಅಂಗೈಯಗಲದ ರಟ್ಟಿಗೆ, ಹಿಂದಿನ ಬಣ್ಣ ಇಣುಕದಷ್ಟು ದಪ್ಪಕ್ಕೆ, ಪದರದ ಮೇಲೆ ಪದರ ಸುತ್ತಬೇಕು. ಮದುಮಗಳ ಗಲ್ಲದ ಹತ್ತಿರ, ಅವಳ ಮೇಲೆ ಬೀಳುವ ಬೆಳಕಿನಲ್ಲೇ ಹಿಡಿದು, ಚೌಕಟ್ಟು ತುಂಬ ಅದನ್ನೇ ತೆಗೆದು, ಮೆನುವಿನ ಕಸ್ಟಮ್ ವೈಟ್ ಬ್ಯಾಲೆನ್ಸಿಗೆ ಆ ಚಿತ್ರವನ್ನು ತೋರಿಸಬೇಕು. ಬೆಳಕು ಅತಿಯಾಗಿ ಉರಿದುಹೋಗಬಾರದು. ಉರಿದ ಚಿತ್ರದಲ್ಲಿ ಮೂರೂ ಬಣ್ಣ ತುತ್ತತುದಿಗೆ ಹೋಗಿ ಯಾವ ಬೆಳಕೂ ಬಿಳಿಯೆಂದೇ ಸುಳ್ಳು ಸಾಕ್ಷಿ ಹೇಳುತ್ತದೆ. ರಾ ಕಡತದಲ್ಲಿ ತೆಗೆಯುವವರಿಗೆ ಇಷ್ಟೂ ಇಲ್ಲ: ರಟ್ಟು ಹಿಡಿದ ಒಂದು ಚಿತ್ರವಿದ್ದರೆ ಮನೆಗೆ ಬಂದು ಅದರ ಮೇಲೆ ಕ್ಲಿಕ್ಕಿಸಿದರಾಯಿತು. ಒಂದು ಬದಿಯಲ್ಲಿ ಕಿಟಕಿಯ ಬೆಳಕು, ಇನ್ನೊಂದು ಬದಿಯಲ್ಲಿ ಹಳದಿ ದೀಪ ಇರುವ ಸಭಾಭವನದಲ್ಲಿ ಮಾತ್ರ ಯಾವ ಟೇಪೂ ಕಾಯದು. ದೀಪ ಆರಿಸಿ, ಇಲ್ಲವೇ ಪರದೆ ಎಳೆಯಿರಿ, ಇಲ್ಲವೇ ಊಟಕ್ಕೆ ಹೋಗಿ.

ಅಪವಾದ ಒಂದೇ, ಕಳಿಯಾಟ. ಸೂಟೆಯ ಬೆಂಕಿಯಲ್ಲಿ ಕುಣಿಯುವ ತೆಯ್ಯಂನ ಎದುರು ಈ ರಟ್ಟನ್ನು ಹೊರತೆಗೆಯತಕ್ಕದ್ದಲ್ಲ. ಬೆಂಕಿಯ ಬೆಳಕನ್ನು ಬಿಳಿ ಮಾಡಿದರೆ ಆ ಕೆಂಪೇ ಸತ್ತು, ದೈವ ಟ್ಯೂಬ್‌ಲೈಟಿನ ಕೆಳಗೆ ಹರಕೆ ತೀರಿಸಿದಂತೆ ಕಾಣುತ್ತದೆ. ಬಿಸಿಲಿನ ಚಿಹ್ನೆಯಲ್ಲಿಯೋ, ತೀರ ಕೆಂಪೆನಿಸಿದರೆ 4000ದ ಹತ್ತಿರವೋ ಇಟ್ಟು ಕೈಕಟ್ಟಿ ನಿಲ್ಲುವುದೇ ಲೇಸು.

ಇನ್ನು ಉಪಕರಣಪ್ರಾಪ್ತಿ. ಟೇಪು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಅಗ್ಗಕ್ಕೆ ಸಿಗುತ್ತದೆ, ಕಷ್ಟವಿರುವುದು ಸಂವಾದದಲ್ಲಿ. “ಎಷ್ಟಿಂಚಿನ ಪೈಪಿಗೆ?” ಎಂದು ಅಂಗಡಿಯವರು ಕೇಳಿಯೇ ಕೇಳುತ್ತಾರೆ. ಮದುಮಗಳಿಗೆ ಎಂದು ಉತ್ತರಿಸಬಾರದು. ಅರ್ಧ ಇಂಚು ಎನ್ನಿ.