ಬ್ಯಾಂಕಾಕ್ ಪ್ರವಾಸಿಯ ಪ್ರಮಾಣ ಮೀಮಾಂಸೆ

ಬ್ಯಾಂಕಾಕ್ ಪ್ರವಾಸಿಗೆ ದೋಷವಿಲ್ಲದ ಲಕ್ಷಣ ಹೇಳುವುದು ಕಷ್ಟ. ‘ಆನೆ ಚಿತ್ತಾರದ ದೊಗಳೆ ಪೈಜಾಮ ತೊಟ್ಟವನೇ ಪ್ರವಾಸಿ’ ಎಂಬುದು ರೂಢಿಯ ಲಕ್ಷಣ. ಇದಕ್ಕೆ ಆಧಾರವೂ ಉಂಟು. ಗ್ರ್ಯಾಂಡ್ ಪ್ಯಾಲೇಸ್ ಅರಮನೆಯೊಳಕ್ಕೆ ಹೆಗಲು, ಮಂಡಿ ಮುಚ್ಚದವರನ್ನು ಬಿಡುವುದಿಲ್ಲ; ಚಡ್ಡಿಯಲ್ಲಿ ಬಂದವರು ಹತ್ತಿರದ ಅಂಗಡಿಯಲ್ಲಿ ಆ ಪೈಜಾಮ ಕೊಂಡು ಏರಿಸಿಕೊಳ್ಳುತ್ತಾರೆ. ಆದರೂ ಈ ಲಕ್ಷಣಕ್ಕೆ ಅವ್ಯಾಪ್ತಿ ದೋಷವಿದೆ: ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ಬೆಂಗಳೂರಿನ ವಿಮಾನದಿಂದ ಇಳಿದ ಅತ್ತೆಯವರು ಅದರಲ್ಲಿ ಸೇರುವುದಿಲ್ಲ. ಆದ್ದರಿಂದ ತೊಡುಗೆಯ ವಿಚಾರ ಬಿಟ್ಟು, ಪ್ರವಾಸಿಯು ನಗರವನ್ನು ಯಾವ ಪ್ರಮಾಣದಿಂದ, ಎಂದರೆ ಅರಿವಿನ ಯಾವ ಸಾಧನದಿಂದ, ಅರಿಯುತ್ತಾನೆ ಎಂದು ನೋಡುವುದೇ ಲೇಸು.

ಪ್ರಮಾಣಗಳಲ್ಲಿ ಮೊದಲನೆಯದು ಪ್ರತ್ಯಕ್ಷ. ಬ್ಯಾಂಕಾಕ್‌ನಲ್ಲಿ ಇದೇ ಎಲ್ಲಕ್ಕಿಂತ ದುರ್ಬಲ. ವಾಟ್ ಫೋ ದೇಗುಲದ ಮಲಗಿದ ಬುದ್ಧನ ಉದ್ದ 46 ಮೀಟರ್, ಎತ್ತರ 15 ಮೀಟರ್. ಗೋಡೆ, ಕಂಬಗಳು ಮೂರ್ತಿಗೆ ಅಷ್ಟು ಹತ್ತಿರವಿರುವುದರಿಂದ ಇಡೀ ಬುದ್ಧ ಮೊಬೈಲಿಗೆ ಒಗ್ಗುವುದಿಲ್ಲ. ಮುತ್ತಿನ ಚಿಪ್ಪಿನಲ್ಲಿ 108 ಮಂಗಳ ಚಿಹ್ನೆಗಳನ್ನು ಕೂರಿಸಿದ ಅಂಗಾಲನ್ನು ಸೆರೆಹಿಡಿದು, ಮಿಕ್ಕದ್ದನ್ನು ಊರಿಗೆ ಹೋದ ಮೇಲೆ ನೋಡಿದರಾಯಿತೆಂದು ಪ್ರವಾಸಿ ಮುಂದೆ ನಡೆಯುತ್ತಾನೆ. ಅರಮನೆಯ ಆವರಣದ ಪಚ್ಚೆ ಬುದ್ಧನ ಸಂಗತಿ ಬೇರೆ. ಕೇವಲ 66 ಸೆಂಟಿಮೀಟರ್ ಎತ್ತರದ ಈ ಮೂರ್ತಿಗೆ ಋತು ಬದಲಾದಂತೆ, ವರ್ಷಕ್ಕೆ ಮೂರು ಸಲ, ಥಾಯ್ ದೊರೆಯೇ ಉಡುಪು ಬದಲಿಸುವುದು ಸಂಪ್ರದಾಯ. ಹೆಸರು ಪಚ್ಚೆಯಾದರೂ ಅದು ಪಚ್ಚೆಯಲ್ಲ, ಬೇರೊಂದು ಹಸಿರು ಕಲ್ಲು. ಚಿಪ್ಪನ್ನು ಬೆಳ್ಳಿಯೆಂದು ಕಾಣುವ ಭ್ರಮೆಗೆ ಇಷ್ಟು ಚೊಕ್ಕವಾದ ಉದಾಹರಣೆ ತರ್ಕಶಾಸ್ತ್ರಕ್ಕೆ ದೊರೆತಿರಲಿಲ್ಲ. ಗುಡಿಯೊಳಗೆ ಫೋಟೊ ತೆಗೆಯುವಂತಿಲ್ಲ. ಹೀಗಾಗಿ ಇಡೀ ನಗರದಲ್ಲಿ ಪ್ರವಾಸಿ ತನ್ನ ಕಣ್ಣಿಂದಲೇ ನೋಡುವ ವಸ್ತು ಇದೊಂದೇ, ಮತ್ತು ನೋಡಿದ್ದಕ್ಕೆ ಸಾಕ್ಷಿಯಿಲ್ಲದಿರುವುದೂ ಇದಕ್ಕೊಂದಕ್ಕೇ.

ಅನುಮಾನಕ್ಕೆ ಹೆಚ್ಚು ಹೇಳಬೇಕಿಲ್ಲ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ. ಚೈನಾಟೌನಿನ ಯಾವೋವರಾಟ್ ರಸ್ತೆಯಲ್ಲಿ ಹೊಗೆ ಕಂಡರೆ ಸಿಗಡಿ.

ಹಸುವನ್ನು ಹೋಲುವುದು ಗವಯ ಎಂದು ಕೇಳಿದವನು ಕಾಡಿಗೆ ಹೋಗಿ ಗವಯವನ್ನು ಗುರುತಿಸುವುದು ಉಪಮಾನ. ಕನ್ನಡ ಪ್ರವಾಸಿ ಇದರಲ್ಲಿ ನಿಷ್ಣಾತ. ಆದರೆ ಅರಮನೆ ಪ್ರಾಕಾರದ 178 ಭಿತ್ತಿಚಿತ್ರಗಳ ಮುಂದೆ ಅವನ ಶಾಸ್ತ್ರ ಮುಗ್ಗರಿಸುತ್ತದೆ. ಅಲ್ಲಿರುವುದು ಥಾಯ್ ರಾಮಾಯಣವಾದ ರಾಮಕಿಯೆನ್. ಅದರ ಹನುಮಂತ ಬ್ರಹ್ಮಚಾರಿಯಲ್ಲ. ರಾವಣನ ಮಗಳಾದ ಮತ್ಸ್ಯಕನ್ಯೆಗೆ ಮನಸೋತವನು. ಇತ್ತ ಎರವಾನ್ ಹೋಟೆಲಿನ ಮೂಲೆಯಲ್ಲಿ, 1956ರಿಂದ, ನಾಲ್ಕು ಮುಖದ ಬ್ರಹ್ಮನಿಗೆ ಹಗಲಿರುಳು ಹೂವು, ಊದುಬತ್ತಿ, ಹರಕೆಯ ನೃತ್ಯ. ತವರಿನಲ್ಲಿ ಗುಡಿಗೆ ಗತಿಯಿಲ್ಲದ ದೇವರು ಪರದೇಶದ ಟ್ರಾಫಿಕ್ ಸಿಗ್ನಲ್ಲಿನಲ್ಲಿ ಇಷ್ಟು ಜೋರಾಗಿರುವುದನ್ನು ಯಾವುದಕ್ಕೆ ಹೋಲಿಸಬೇಕೆಂದು ತಿಳಿಯದೆ ಪ್ರವಾಸಿ ಕೈಮುಗಿದು ಮಾಲ್ ಹೊಗುತ್ತಾನೆ.

ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆ ಎಂದರಿಯುವುದು ಅರ್ಥಾಪತ್ತಿ. ಗೆಳೆಯರ ಗುಂಪಿನೊಡನೆ ಹೋಗಿ ಬಂದು ‘ಬರೀ ದೇವಸ್ಥಾನ ನೋಡಿದೆವು’ ಎನ್ನುವವನ ಮೊಬೈಲಿನಲ್ಲಿ ದೇವಸ್ಥಾನದ ಚಿತ್ರ ಒಂದೂ ಇಲ್ಲದಿದ್ದರೆ, ಈ ಪ್ರಮಾಣವನ್ನು ಬಳಸುವ ಅಧಿಕಾರ ಅವನ ಮನೆಯವರದು. ಈ ಗ್ರಂಥ ಅದಕ್ಕೆ ಕೈಹಾಕದು.

ಅನುಪಲಬ್ಧಿ ಸಸ್ಯಾಹಾರಿಗೆ ಸಂಬಂಧಿಸಿದ್ದು. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ತಟ್ಟೆಯಲ್ಲಿ ಮೀನು ಕಾಣದಿದ್ದರೆ ಮೀನು ಇಲ್ಲವೇ? ಇದೆ. ನಾಮ್ ಪ್ಲಾ ಎಂಬುದು ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಟ್ಟು ಇಳಿಸಿದ ರಸ. ಅದು ಕಣ್ಣಿಗೆ ಬೀಳದೆ ಎಲ್ಲ ಪಲ್ಯಗಳಲ್ಲೂ ವ್ಯಾಪಿಸಬಲ್ಲದು. ಪರಿಹಾರವೂ ಅಲ್ಲೇ ಉಂಟು: ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ‘ಜೇ’ ಎಂದಿರುವ ಅಂಗಡಿ. ಅಲ್ಲಿ ಮೀನು, ಮಾಂಸವಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ. ನಮ್ಮ ಮಡಿಯ ಅಡುಗೆಮನೆಗಳೂ ತಲೆದೂಗಬೇಕು. ಅಲ್ಲಿಯೂ ಪ್ರವಾಸಿ ಬ್ಯಾಗಿನಿಂದ ಚಟ್ನಿಪುಡಿ ತೆಗೆಯುತ್ತಾನೆಂಬುದು ಬೇರೆ ಮಾತು.

ಕೊನೆಯದು ಶಬ್ದ, ಎಂದರೆ ಆಪ್ತವಾಕ್ಯ. ಪ್ರವಾಸಿಯ ಪಾಲಿಗೆ ಆಪ್ತನೆಂದರೆ ಅರಮನೆಯ ಗೋಡೆಯ ಬಳಿ ಈಗಷ್ಟೇ ಪರಿಚಯವಾದ ಇಸ್ತ್ರಿ ಶರ್ಟಿನ ಮನುಷ್ಯ. ‘ಇವತ್ತು ಅರಮನೆ ಬಂದ್. ಒಳಗೆ ವಿಶೇಷ ಪೂಜೆ. ಇಪ್ಪತ್ತು ಬಾತ್‌ಗೆ ಟುಕ್‌ಟುಕ್ ಊರೆಲ್ಲ ತೋರಿಸುತ್ತದೆ’ ಎಂಬುದು ಅವನ ವಾಕ್ಯ. ಇಪ್ಪತ್ತು ಬಾತ್ ಇಂಧನಕ್ಕೂ ಸಾಲದಲ್ಲ ಎಂಬುದು ಪೂರ್ವಪಕ್ಷ. ಟುಕ್‌ಟುಕ್ ಹೋಗಿ ನಿಲ್ಲುವುದು ರತ್ನದಂಗಡಿ ಇಲ್ಲವೇ ದರ್ಜಿಯಂಗಡಿಯ ಮುಂದೆ, ಇಂಧನದ ಖರ್ಚು ಅಲ್ಲಿನ ಕಮಿಷನ್ನಿನಲ್ಲಿ ಹುಟ್ಟುತ್ತದೆ ಎಂಬುದು ಸಿದ್ಧಾಂತ. ಅಪರಿಚಿತರ ಮಾತು ನಂಬಬೇಡಿ ಎಂಬ ಎಚ್ಚರಿಕೆ ಫಲಕ ಎದುರಿಗಿದೆ. ಬಸ್ಸುಗಟ್ಟಲೆ ಜನ ಕಣ್ಣ ಮುಂದೆಯೇ ಒಳಗೆ ಹೋಗುತ್ತಿದ್ದಾರೆ. ಪ್ರತ್ಯಕ್ಷಕ್ಕೂ ಶಬ್ದಕ್ಕೂ ವಿರೋಧ ಬಂದಾಗ ಯಾವುದು ಪ್ರಬಲ ಎಂದು ದ್ವೈತಿಗಳೂ ಅದ್ವೈತಿಗಳೂ ಶತಮಾನಗಟ್ಟಲೆ ವಾದಿಸಿದ್ದಾರೆ. ಪ್ರವಾಸಿ ಅದನ್ನು ಅರೆನಿಮಿಷದಲ್ಲಿ ಶಬ್ದದ ಪರವಾಗಿ ತೀರ್ಮಾನಿಸಿ ಟುಕ್‌ಟುಕ್ ಹತ್ತುತ್ತಾನೆ.

ಇನ್ನು ಫಲಶ್ರುತಿ. ಇದನ್ನು ಓದಿ ಹೊರಟವರು ಚಾವೊ ಫ್ರಯಾ ನದಿಯಲ್ಲಿ ಕಿತ್ತಳೆ ಬಾವುಟದ ದೋಣಿ ಹಿಡಿದು ಥಾ ಚಾಂಗ್ ಕಟ್ಟೆಯಲ್ಲಿ ಇಳಿಯತಕ್ಕದ್ದು. ಅರಮನೆಯ ಬಾಗಿಲು ಅಲ್ಲಿಂದ ನಡೆಯುವಷ್ಟು ದೂರ, ತೆರೆಯುವುದು ಬೆಳಗ್ಗೆ 8.30ಕ್ಕೆ. ಟಿಕೆಟ್ ವಿದೇಶಿಯರಿಗೆ 500 ಬಾತ್, ಥಾಯ್ ಪ್ರಜೆಗಳಿಗೆ ಪುಕ್ಕಟೆ. ಚೌಕಾಸಿ ನಡೆಯುವುದಿಲ್ಲ.