ಅತ್ತಿಬೆಲೆ ಪರಿಸರದ ಬಾಲಕಥನ: ತಾತ್ವಿಕ ನೆಲೆ, ಹಿನ್ನೆಲೆ ಮತ್ತು ಊಟದ ವಿರಾಮ

ಮಕ್ಕಳ ಕತೆಯೆಂಬುದು ಸಂಕಥನಗಳ ಅನುಸಂಧಾನದಲ್ಲಿ ಒಡಮೂಡುವ ಬಹುಶಿಸ್ತೀಯ ಪಠ್ಯ ಎಂಬುದು ಈಗ ನಿರ್ವಿವಾದ. ಯಾರಿಗೂ ಅರ್ಥವಾಗದ ವಾಕ್ಯದೊಂದಿಗೆ ವಾದ ಮಾಡುವುದಾದರೂ ಹೇಗೆ? ಪ್ರಸ್ತುತ ಪ್ರಬಂಧವು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯನ್ನು, ಅಂದರೆ ಹೊಸೂರು ರಸ್ತೆಯಲ್ಲಿ ಕರ್ನಾಟಕ ಮುಗಿಯುವ ಜಾಗವನ್ನು, ತನ್ನ ಅಧ್ಯಯನ ವ್ಯಾಪ್ತಿಯಾಗಿ ಪರಿಭಾವಿಸಿಕೊಂಡಿದೆ. ಇದರ ಹಿಂದೆ ತಾತ್ವಿಕ ಕಾರಣವೇನೂ ಇಲ್ಲ. 'ಮಕ್ಕಳ ಕತೆ ಬರೆಯುವುದು ಹೇಗೆ' ಎಂಬ ಕಾರ್ಯಾಗಾರ ಅಲ್ಲಿನ ಒಂದು ಕಲ್ಯಾಣಮಂಟಪದಲ್ಲಿ ನಡೆಯಿತು. ಪ್ರಸ್ತುತ ಲೇಖಕ ದುಡ್ಡು ಕಟ್ಟಿ ಸಂಜೆಯವರೆಗೆ ಕೂತಿದ್ದ.

ಕಾರ್ಯಾಗಾರದ ರಚನಾವಿನ್ಯಾಸ ಹೀಗಿತ್ತು: ಪ್ರಾರ್ಥನೆ, ಸ್ವಾಗತ, ದೀಪ, ಶಾಲು, ಹಾರ, ಮೈಸೂರು ಪೇಟ, ಪ್ರಾಸ್ತಾವಿಕ ನುಡಿ, ಮರೆತುಹೋದವರಿಗೆ ಮತ್ತೆ ಶಾಲು. ಆಮೇಲೆ ಸಂಪನ್ಮೂಲ ವ್ಯಕ್ತಿ. ಪೆನ್‌ಡ್ರೈವ್ ತೆರೆದುಕೊಳ್ಳದಿದ್ದರೆ ಯಾರು ಕೂಡಲೇ ಬರಿದಾಗುತ್ತಾರೋ ಅವರನ್ನು ಹೀಗೆ ಕರೆಯುವುದು ವಾಡಿಕೆ. ಅವರು ಮಂಡಿಸಿದ ವರ್ಗೀಕರಣವನ್ನು ಯಥಾವತ್ತಾಗಿ ದಾಖಲಿಸುತ್ತೇವೆ. ಹೆಸರುಗಳು ಮಾತ್ರ ನಮ್ಮವು.

1.1 ನೀತ್ಯಂತ್ಯ ಕಥನ. ಮೊಲ, ಆಮೆ, ಸಿಂಹ ಯಾರೇ ಬರಲಿ, ಕಡೆಗೆ ದಪ್ಪಕ್ಷರದಲ್ಲಿ 'ನೀತಿ' ಬರಲೇಬೇಕು. ಹೇಳಬೇಕಾದ್ದನ್ನು ತನ್ನ ಕತೆ ಹೇಳಲಿಲ್ಲ ಎಂದು ಕತೆಗಾರನೇ ಹಾಕಿಕೊಡುವ ರುಜು ಇದು.

1.2 ವೃಕ್ಷಾರೋಪಣ ಕಥನ. ತಾತ ಸಸಿ ನೆಡುತ್ತಾನೆ. ಮೊಮ್ಮಗ "ಯಾಕೆ ತಾತ?" ಎನ್ನುತ್ತಾನೆ. ಅವನ ಪಾತ್ರ ಅಲ್ಲಿಗೆ ಮುಗಿಯಿತು, ಉಳಿದ ಪುಟವೆಲ್ಲ ತಾತನ ಭಾಷಣ. ಆ ಸೈಟು ಯಾರ ಹೆಸರಿಗಿದೆ ಎಂಬುದನ್ನು ತಾತ ಬಾಯಿ ಬಿಡುವುದಿಲ್ಲ.

1.3 ಮೊಬೈಲ್-ಪಶ್ಚಾತ್ತಾಪ ಕಥನ. ಹುಡುಗ ಮೊಬೈಲ್ ನೋಡುತ್ತಾನೆ, ಕಣ್ಣು ಉರಿಯುತ್ತದೆ, ಅಮ್ಮನ ಕಾಲು ಹಿಡಿದು ಅಳುತ್ತಾನೆ. ಇದರ ವಿವರಣೆ ನಡೆದಿದ್ದಾಗಲೇ ಸಂಪನ್ಮೂಲ ವ್ಯಕ್ತಿಗಳಿಗೆ ಫೋನ್ ಬಂತು. ಎತ್ತಿಕೊಂಡು ಹೊರಗೆ ಹೋದರು.

1.4ರಿಂದ 1.11ರವರೆಗೂ ಇದೇ ಸರಕು. ಬಿಟ್ಟಿದ್ದೇವೆ.

2.0 ನಿಷೇಧ ಮೀಮಾಂಸೆ. ಮಕ್ಕಳ ಕತೆಯಲ್ಲಿ ಸಾವು ಬೇಡ, ಹಸಿವು ಬೇಡ, ಜಾತಿ ಬೇಡ, ಕುಡಿದು ಬರುವ ಅಪ್ಪ ಬೇಡ. 'ನೆಗೆಟಿವ್' ಏನೂ ಬೇಡ. ಈ ಮಾನದಂಡಗಳನ್ನು ಕನ್ನಡದ ಬಾಲಸಾಹಿತ್ಯಕ್ಕೆ ಅನ್ವಯಿಸಿದಾಗ ಹೊರಬಿದ್ದ ಫಲಿತಾಂಶಗಳು: ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' (ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲ, ತುಂಗೆಯ ದಡದ್ದು): ದೊಡ್ಡವರು ಮಾತಿಗೆ ತಪ್ಪುತ್ತಾರೆ, ಮಕ್ಕಳು ಬೆಟ್ಟದೊಳಗೆ ಹೋಗಿ ಮರಳುವುದೇ ಇಲ್ಲ, ಇಂಗ್ಲಿಷ್ ಕವಿ ಬ್ರೌನಿಂಗ್ ಹೇಳಿದ ಕತೆಯೇ ಆದರೂ ನೆಗೆಟಿವ್, ತಿರಸ್ಕೃತ. ಪಂಜೆ ಮಂಗೇಶರಾಯರ 'ನಾಗರಹಾವು': ಹಾವಿಗೆ ಕೈಮುಗಿದು ಹಾಲೆರೆಯುವ ಮಾತಿದೆ, ಸುರಕ್ಷತಾ ದೃಷ್ಟಿಯಿಂದ ತಿರಸ್ಕೃತ. ಜಿ.ಪಿ. ರಾಜರತ್ನಂ ಅವರ ತುತ್ತೂರಿ ನೀರಿಗೆ ಬಿದ್ದು ದನಿ ಕಳೆದುಕೊಳ್ಳುತ್ತದೆ, ಯಾರೂ ಹೊಸದು ತಂದುಕೊಡುವುದಿಲ್ಲ, ತಿದ್ದುಪಡಿಗೆ ವಾಪಸು. ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು': ಇಡೀ ಊರೇ ನೀರಿನ ಪಾಲು, ಇದಕ್ಕೆ ಸಾಹಿತ್ಯ ಅಕಾಡೆಮಿ 2011ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಕೊಟ್ಟದ್ದು ಪರಿಶೀಲನಾರ್ಹ. ಪಂಜೆಯವರು ಮೇಷ್ಟರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ಮಕ್ಕಳ ನಡುವೆಯೇ ಓಡಾಡಿದವರು. ರಾಜರತ್ನಂ ಕೂಡ ಪುಟ್ಟ ಮಕ್ಕಳಿಗೆ ಪಾಠ ಹೇಳಿದವರು. ಪಾಪ, ಇಬ್ಬರಿಗೂ ಕಾರ್ಯಾಗಾರದ ಪ್ರಮಾಣಪತ್ರ ಸಿಕ್ಕಿರಲಿಲ್ಲ.

3.0 ಕ್ಷೇತ್ರಕಾರ್ಯ. ಊಟದ ವಿರಾಮದಲ್ಲಿ ಮಂಟಪದ ಹಿಂದೆ ಕೈತೊಳೆಯಲು ಹೋದಾಗ ಕಾಂಪೌಂಡಿನ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ಪಕ್ಕದ ಶೀಟ್ ಮನೆಗಳವಳು, ಏಳೆಂಟು ವರ್ಷ ಇರಬಹುದು. ಕೈಯಲ್ಲಿ ಇದ್ದಿಲು. ಗೋಡೆಯ ಮೇಲೆ ಕೆಎ, ಟಿಎನ್, ಎನ್ಎಲ್ ಎಂದು ಮೂರು ಸಾಲು, ಪ್ರತಿ ಸಾಲಿನ ಮುಂದೆ ಕಡ್ಡಿ ಗೀಟು. ಸರ್ವಿಸ್ ರಸ್ತೆಯಲ್ಲಿ ಹೋಗುವ ಲಾರಿಗಳ ಲೆಕ್ಕ.

"ಅಂಕಲ್, ಎನ್ಎಲ್ ಅಂದ್ರೆ ಯಾವೂರು?"

ನಾಗಾಲ್ಯಾಂಡ್ ಅಂದೆ. ದೂರವಾ ಅಂದಳು. ತುಂಬ ದೂರ ಅಂದೆ. ಇನ್ನೊಂದು ಗೀಟು ಎಳೆದು ಕೇಳಿದಳು: "ಲಾರಿ ಎಲ್ಲಾ ಇಲ್ಲಿಗೇ ಬಂದ್ಬಿಟ್ರೆ ಅಲ್ಲಿ ಮಕ್ಳು ಏನ್ ಎಣಿಸ್ತಾರೆ?"

ಮಧ್ಯಾಹ್ನದ ಗೋಷ್ಠಿಯಲ್ಲಿ ಇದನ್ನು ಹೇಳಿದೆ. ಸಂಪನ್ಮೂಲ ವ್ಯಕ್ತಿ ಕಣ್ಣು ಮುಚ್ಚಿ ಕೇಳಿ, "ಕಾನ್ಸೆಪ್ಟ್ ಚೆನ್ನಾಗಿದೆ, ಆದ್ರೆ ಮಕ್ಕಳಿಗೆ ಟೇಕ್‌ಅವೇ ಏನು?" ಎಂದರು. ಸಭೆ ತಲೆದೂಗಿತು. ಅಷ್ಟು ಹೊತ್ತಿಗೆ ವಂದನಾರ್ಪಣೆಯವರು ಮೈಕ್ ಹಿಡಿದಿದ್ದರು.

'ಪ್ರಸ್ತುತ ಲೇಖಕ' ಎನ್ನುವ ವೇಷ ಇಲ್ಲಿಗೆ ಸಾಕು. ಬರೆಯಲು ಹೊರಟವರಿಗೆ ಆ ದಿನ ಯಾರೂ ಹೇಳದ ಕೆಲವು ಕೆಲಸದ ಮಾತುಗಳಿವೆ. ಬರೆದದ್ದನ್ನು ಒಂದು ಮಗುವಿನ ಎದುರು ಗಟ್ಟಿಯಾಗಿ ಓದಿ. ಅದು ಚಪ್ಪಲಿ ಹುಡುಕಲು ಎದ್ದ ಜಾಗದಲ್ಲಿ ಕತ್ತರಿ ಹಾಕಿ. ಚಿತ್ರಪುಸ್ತಕವಾದರೆ ಪುಟಗಳು ಸಾಮಾನ್ಯವಾಗಿ ಎಂಟರ ಲೆಕ್ಕದಲ್ಲಿ, ಹದಿನಾರೋ ಮೂವತ್ತೆರಡೋ, ಬರುತ್ತವೆ. ಪ್ರೆಸ್ಸಿನಲ್ಲಿ ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸುವುದೇ ಹಾಗೆ. ಆದ್ದರಿಂದ ಮೊದಲೇ ಕಾಗದ ಮಡಚಿ ಡಮ್ಮಿ ಮಾಡಿಕೊಳ್ಳಿ, ಪುಟ ತಿರುವಿದಾಗ ಏನು ಕಾಣಬೇಕು ನೋಡಿಕೊಳ್ಳಿ. ಚಿತ್ರದಲ್ಲಿ ಕೆಂಪು ಲಂಗವಿದ್ದರೆ 'ಅವಳು ಕೆಂಪು ಲಂಗ ತೊಟ್ಟಿದ್ದಳು' ಎಂದು ಬರೆಯಬೇಡಿ. ಕತೆಯ ಗಂಟು ಬಿಡಿಸುವ ಕೆಲಸ ಅದರೊಳಗಿನ ಮಗುವಿನದು. ಅದನ್ನು ತಾತನಿಗೆ ವಹಿಸಬೇಡಿ. ಇಷ್ಟಕ್ಕೆ ಮೈಸೂರು ಪೇಟ ಬೇಕಾಗಿಲ್ಲ.

ಇನ್ನು 'ನೆಗೆಟಿವ್' ಬಗ್ಗೆ. 2023ರ ಅಕ್ಟೋಬರ್ 7ರ ಮಧ್ಯಾಹ್ನ ಇದೇ ಅತ್ತಿಬೆಲೆಯಲ್ಲಿ, ಇದೇ ಹೆದ್ದಾರಿ ಬದಿಯಲ್ಲಿ, ಪಟಾಕಿ ಮಳಿಗೆಗೆ ಬೆಂಕಿ ಬಿತ್ತು. ಅಂದೇ ಹದಿನಾಲ್ಕು ಜನ ಸತ್ತರು, ಆಮೇಲೆ ಸಂಖ್ಯೆ ಇನ್ನೂ ಏರಿತು. ಹೆಚ್ಚಿನವರು ದೀಪಾವಳಿ ಸೀಸನ್ನಿನ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದಿದ್ದ ಎಳೆ ಹುಡುಗರು. ಆ ಹೊಗೆಯನ್ನು ಊರಿನ ಮಕ್ಕಳೆಲ್ಲ ನೋಡಿದ್ದಾರೆ. ಅವರಿಂದ ಸಾವನ್ನು ಮುಚ್ಚಿಡಬೇಕಂತೆ! ಯಾರಿಂದ ಯಾರು ಮುಚ್ಚಿಡುತ್ತಿದ್ದಾರೆ? ರಾತ್ರಿ ಪಾಳಿಗೆ ಹೋದ ಅಮ್ಮನಿಗಾಗಿ ಕಾದು ಕೂರುವ, ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಅಂಗಡಿಯಲ್ಲಿ ಹಿಂದಿ ಆಡುವ ಮಗುವಿಗೆ ನಾವು ಮೊಲದ ಕೈಲಿ ಬುದ್ಧಿ ಹೇಳಿಸುತ್ತೇವೆ. ಆ ಮಗು ಪುಸ್ತಕ ಮುಟ್ಟದಿದ್ದರೆ 'ಓದುವ ಸಂಸ್ಕೃತಿ ನಶಿಸುತ್ತಿದೆ' ಎಂದು ಇನ್ನೊಂದು ಗೋಷ್ಠಿ ಇಟ್ಟುಕೊಳ್ಳುತ್ತೇವೆ. ಕಿಂದರಿಜೋಗಿಯ ಹಿಂದೆ ಹೋದ ಮಕ್ಕಳಿಗಾಗಿ ಮರುಗಿದ ಯಾವ ಮಗುವೂ ಅದರಿಂದ ಕೆಟ್ಟುಹೋಗಿಲ್ಲ.

ಲಾರಿ ಎಣಿಸುವ ಹುಡುಗಿಯ ಕತೆ ಯಾರು ಬೇಕಾದರೂ ಬರೆಯಲಿ, ನನ್ನ ತಕರಾರಿಲ್ಲ. ಆದರೆ ಬರೆಯುವ ಮುಂಚೆ ಚೆಕ್‌ಪೋಸ್ಟ್ ಹತ್ತಿರ ಚಹಾ ಕುಡಿಯುವ ಡ್ರೈವರುಗಳನ್ನು ಕೇಳಿ. ನಾಗಾಲ್ಯಾಂಡ್ ನಂಬರಿನ ಎಷ್ಟೋ ಲಾರಿಗಳು ನಾಗಾಲ್ಯಾಂಡನ್ನೇ ನೋಡಿಲ್ಲ. ಅಲ್ಲಿ ನೋಂದಣಿ ಮಾಡಿಸಿದರೆ ಖರ್ಚೂ ಕಡಿಮೆ, ರಗಳೆಯೂ ಕಡಿಮೆ ಎಂದು ಮಾಲೀಕರು ಕಾಗದದಲ್ಲೇ ಅಲ್ಲಿಗೆ ಹೋಗಿ ಬರುತ್ತಾರೆ. ಇದನ್ನು ಅವಳಿಗೆ ಇದ್ದ ಹಾಗೆ ಹೇಳಿ. ಅವಳಿಗೆ ಅರ್ಥವಾಗುತ್ತದೆ, ನಗುವೂ ಬರುತ್ತದೆ. ಆಮೇಲೆ ಅವಳು ಕೇಳುವ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ, ಕತೆಯನ್ನು ಅಲ್ಲಿಂದ ಶುರು ಮಾಡಿ.