ಅಜ್ಜಿ ಮತ್ತು ಕುಬರ್ನೆಟಿಸ್

ಕಬ್ಬಿನ ಗದ್ದೆ ಪಕ್ಕದಲ್ಲಿ ಕೂತು ಕಡಲಾಚೆಯ ಸರ್ವರ್‌ಗಳನ್ನು ಆಳುವ ಕಾಲ ಇದು. ಲ್ಯಾಪ್‌ಟಾಪಿಗೆ ಏನನ್ನೂ ತುಂಬಬೇಕಿಲ್ಲ. ಬ್ರೌಸರಿನಲ್ಲಿ ಕ್ಲೌಡ್ ಶೆಲ್ ತೆರೆದರೆ ಸಾಕು, 2014ರಲ್ಲಿ ಗೂಗಲ್ ಲೋಕಕ್ಕೆ ಬಿಟ್ಟುಕೊಟ್ಟ, ಸರ್ವರ್‌ಗಳ ಮೇಲೆ ಆ್ಯಪ್ ಓಡಿಸುವ ಮೇಸ್ತ್ರಿ ಕುಬರ್ನೆಟಿಸ್‌ಗೆ ಚಿಕ್ಕರಸಿನಕೆರೆಯ ಜಗಲಿಯಿಂದಲೇ ಅಪ್ಪಣೆ ಕೊಡಬಹುದು.

ಕಷ್ಟವೆಂದರೆ, ಅದೇ ಜಗಲಿಯಲ್ಲಿ ಅಜ್ಜಿಯೂ ಇರುತ್ತಾಳೆ. ಮೊಮ್ಮಗ ಒಂದು ಪಾಡ್ (ಆ್ಯಪಿನ ಓಡುವ ಒಂದು ಪ್ರತಿ) ಅಳಿಸಿದ. ತಕ್ಷಣ ಇನ್ನೊಂದು ಎದ್ದು ನಿಂತಿತು.

"ಏನ್ಲಾ ಮಗ, ರಕ್ತಬೀಜಾಸುರನ್ನ ಸಾಕಿದ್ದೀಯಾ?"

"ಮೂರು ಇರ್ಬೇಕು ಅಂತ ಬರ್ದಿವ್ನಿ ಕಣಜ್ಜಿ. ಒಂದು ಸತ್ರೆ ಅದೇ ಇನ್ನೊಂದ ಹುಟ್ಟಿಸ್ಕತದೆ."

ಹುಟ್ಟಿದ್ದು ಮತ್ತೆ ಮತ್ತೆ ಸತ್ತರೆ? ಅದು ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್. ಮರುಜನ್ಮಕ್ಕೆ ಮೊದಲು 10 ಸೆಕೆಂಡ್ ಕಾಯುತ್ತದೆ, ಆಮೇಲೆ 20, 40, ಹೀಗೇ ಬೆಳೆದು 5 ನಿಮಿಷಕ್ಕೆ ನಿಲ್ಲುತ್ತದೆ.

"ಯಾಕ್ಲಾ ಒದ್ದಾಡ್ತೀಯೆ? ನಡಿ, ಬಸಪ್ಪನ್ನೇ ಕೇಳವ" ಅಂದಳು ಅಜ್ಜಿ. ಊರಿನ ಕಾಲಭೈರವೇಶ್ವರನ ಗುಡಿಯ ಬಸವ, ಈ ಬಸಪ್ಪ, ನ್ಯಾಯ ಹೇಳುತ್ತಾನೆಂದು ಸೀಮೆಯೇ ನಂಬುತ್ತದೆ. ಆದರೆ ಲಾಗ್ ಓದುವ ಕರ್ಮ ಮೊಮ್ಮಗನದೇ.

ಇನ್ನೊಂದು ಮಾತು: ಅಜೂರ್ ಕ್ಲೌಡ್ ಶೆಲ್ 20 ನಿಮಿಷ ಸುಮ್ಮನೆ ಬಿಟ್ಟರೆ ಬಾಗಿಲು ಹಾಕಿಕೊಳ್ಳುತ್ತದೆ. ಅಜ್ಜಿಯ ಪ್ರಶ್ನೆಗೆ ಉತ್ತರ ಹೇಳುವವರು ನಡುನಡುವೆ ಎಂಟರ್ ಒತ್ತುತ್ತಿರಿ.